ಊಟದ ನಂತರ ಇಬ್ಬರಿಗೆ ಸಾಕಾಗುವಷ್ಟು ಬಿಸಿ ನೇಂದ್ರ

ನಮ್ಮ ಕಡೆಯ ಸಿಹಿತಿಂಡಿಗಳೆಲ್ಲ ಪಂಕ್ತಿಗೆಂದೇ ಹುಟ್ಟಿದವು. ಪಾಯಸವಾಗಲಿ, ಹಲ್ವವಾಗಲಿ, ಅಳತೆ ಶುರುವಾಗುವುದೇ ಸೇರಿನಿಂದ. ಮಕ್ಕಳು ಓದಿಗೆಂದು ಊರು ಬಿಟ್ಟು ಮನೆಯಲ್ಲಿ ನಾನು ಮತ್ತು ನನ್ನವರು ಇಬ್ಬರೇ ಉಳಿದ ಮೇಲೆ ಈ ಅಳತೆಗಳು ಉಪಯೋಗಕ್ಕೆ ಬಾರದಂತಾದವು. ಹಲ್ವವನ್ನು ಕಾಲು ಪಾಲಿಗೆ ಇಳಿಸಿದರೆ ಬಾಣಲೆಯ ತಳದಲ್ಲಿ ಎರಡು ಹಿಡಿಯಷ್ಟು ಉಳಿಯುತ್ತದೆ, ಹದಕ್ಕೆ ಬರುವ ಮೊದಲೇ ತಳ ಹಿಡಿಯುತ್ತದೆ. ಪಾಯಸ ಸ್ವಲ್ಪವೇ ಮಾಡಿದರೂ ಪಾತ್ರೆ ತೊಳೆಯುವ ಕೆಲಸವೇನೂ ಕಡಿಮೆಯಾಗುವುದಿಲ್ಲ. ಆದ್ದರಿಂದ ದೊಡ್ಡ ಅಡುಗೆಯನ್ನು ಚಿಕ್ಕದು ಮಾಡುವ ಯೋಚನೆಯನ್ನೇ ಬಿಟ್ಟು, ಇಬ್ಬರಿಗೆಂದೇ ಹೇಳಿ ಮಾಡಿಸಿದಂಥ ಒಂದು ಸಿಹಿಯನ್ನು ಹಿಡಿದುಕೊಂಡಿದ್ದೇನೆ. ಒಂದು ನೇಂದ್ರ ಬಾಳೆಹಣ್ಣು, ಒಂದು ಬಾಣಲೆ, ಹತ್ತು ನಿಮಿಷ. ಊಟದ ತಟ್ಟೆ ಎತ್ತಿಟ್ಟು ಬಂದು ಒಲೆ ಹಚ್ಚಿದರೂ ತಡವಾಗುವುದಿಲ್ಲ.

ತುಪ್ಪದಲ್ಲಿ ಹುರಿದು ಬೆಲ್ಲ ಹಾಕಿದ ನೇಂದ್ರ ನಮ್ಮ ಕರಾವಳಿಯಲ್ಲಿಯೂ ಪಕ್ಕದ ಕೇರಳದಲ್ಲಿಯೂ ಹಳೆಯ ತಿನಿಸು. ಮನೆಗೊಂದು ಕ್ರಮವಿದೆ. ನಾನು ಮಾಡುವ ಕ್ರಮ ಇದು.

ಇದರ ಮುಕ್ಕಾಲು ಕೆಲಸ ಹಣ್ಣು ಆರಿಸುವಾಗಲೇ ಮುಗಿಯುತ್ತದೆ. ನಾವೀಗ ಇರುವ ಮೈಸೂರಿನಲ್ಲಿ ನೇಂದ್ರ ಸಿಗುವುದು ಕಷ್ಟವಲ್ಲ. ಗುಂಡ್ಲುಪೇಟೆ, ಎಚ್.ಡಿ. ಕೋಟೆಯ ಕಡೆ ಕೇರಳದ ಮಾರುಕಟ್ಟೆಗೆಂದು ಬೆಳೆಯುವವರಿದ್ದಾರೆ. ಆದರೆ ಅಂಗಡಿಯಲ್ಲಿ ತೂಗುಹಾಕಿದ ಹಳದಿ ಗೊನೆಯನ್ನು ನೋಡಿ ಹಣ್ಣಾಗಿದೆ ಎಂದುಕೊಳ್ಳುವಂತಿಲ್ಲ. ಸಿಪ್ಪೆ ಹಳದಿಯಾಗಿದ್ದರೂ ಒಳಗೆ ಹಿಟ್ಟು ಹಿಟ್ಟಾಗಿ, ನಾಲಿಗೆ ಒಗರಾಗುವಂತೆ ಇರಬಹುದು. ಹಣ್ಣಾಗುವುದೆಂದರೆ ಒಳಗಿನ ಪಿಷ್ಟ ಸಕ್ಕರೆಯಾಗುವುದು. ಪುಟ್ಟಬಾಳೆಗಿಂತ ಪಚ್ಚಬಾಳೆಗಿಂತ ನೇಂದ್ರದಲ್ಲಿ ಇದು ನಿಧಾನ. ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ನಾನು ಹಣ್ಣು ಕೊಳ್ಳುವ ಅಂಗಡಿಯ ಅಜ್ಜ, “ಅಮ್ಮಾ, ಇದು ಚಿಪ್ಸಿಗೆ, ಇದು ಬೇಯಿಸುವುದಕ್ಕೆ, ತುಪ್ಪಕ್ಕೆ ಹಾಕುವುದಾದರೆ ಮೂಲೆಯಲ್ಲಿರುವುದನ್ನು ತೆಗೆದುಕೊಳ್ಳಿ” ಎನ್ನುತ್ತಾರೆ. ಮೂಲೆಯಲ್ಲಿರುವುದು ಮೈಮೇಲೆಲ್ಲ ಕಪ್ಪು ಮಚ್ಚೆ ಬಿದ್ದ ಹಣ್ಣು. ನೋಡುವುದಕ್ಕೆ ಚಂದವಿಲ್ಲದ್ದರಿಂದ ಬೇರೆಯವರು ಬಿಟ್ಟುಹೋದದ್ದು. ಸಿಪ್ಪೆಯ ಅರ್ಧದಷ್ಟು ಕಪ್ಪಾಗಿರಬೇಕು, ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು, ಆದರೆ ಒಳಗೆ ಕುಸಿಯಬಾರದು.

ಗಟ್ಟಿ ಹಣ್ಣೇ ಸಿಕ್ಕಿದರೆ ಕಾಗದದ ಚೀಲದೊಳಗೆ ಚೆನ್ನಾಗಿ ಹಣ್ಣಾದ ಒಂದು ಪುಟ್ಟಬಾಳೆಯ ಜೊತೆ ಮುಚ್ಚಿಡಿ. ಮಾಗಿದ ಹಣ್ಣು ಬಿಡುವ ಎಥಿಲೀನ್ ಅನಿಲ ಪಕ್ಕದ ಹಣ್ಣನ್ನೂ ಮಾಗಿಸುತ್ತದೆ. ಫ್ರಿಜ್ಜಿಗೆ ಮಾತ್ರ ಹಾಕಬೇಡಿ. ಅಲ್ಲಿ ಸಿಪ್ಪೆ ಕಪ್ಪಾಗುತ್ತದೆ, ಒಳಗಿನ ತಿರುಳು ಕಾಯಿಯಾಗಿಯೇ ಉಳಿಯುತ್ತದೆ. ಕಣ್ಣಿಗೆ ಹಣ್ಣು, ಬಾಯಿಗೆ ಕಾಯಿ.

ನೇಂದ್ರವೇ ಏಕೆ, ಮನೆಯಲ್ಲಿ ಇರುವ ಬಾಳೆಹಣ್ಣು ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಪಚ್ಚಬಾಳೆ ತುಪ್ಪದ ಬಿಸಿಗೆ ನೀರು ಬಿಟ್ಟುಕೊಂಡು ಮುದ್ದೆಯಾಗುತ್ತದೆ. ಪುಟ್ಟಬಾಳೆಯೂ ಅಷ್ಟೇ, ಹಲ್ವಕ್ಕೆ ಸರಿ, ಹೋಳಾಗಿ ನಿಲ್ಲುವುದಿಲ್ಲ. ನಂಜನಗೂಡು ರಸಬಾಳೆ ಸಿಗುವ ಭಾಗ್ಯವಿದ್ದರೆ ಅದನ್ನು ದಯವಿಟ್ಟು ಒಲೆಗೆ ತೋರಿಸಬೇಡಿ. ಭೌಗೋಳಿಕ ಮಾನ್ಯತೆ ಪಡೆದ ಆ ಹಣ್ಣಿನ ಪರಿಮಳವನ್ನು ಹಾಗೇ ಸುಲಿದು ತಿಂದೇ ಅನುಭವಿಸಬೇಕು. ನೇಂದ್ರದಲ್ಲಿ ಚೆನ್ನಾಗಿ ಹಣ್ಣಾದ ಮೇಲೂ ಒಂದಿಷ್ಟು ಪಿಷ್ಟ ಉಳಿದಿರುತ್ತದೆ. ಹೋಳು ಹೊರಗೆ ಕೆಂಪಾಗಿ ಒಳಗೆ ಬೆಣ್ಣೆಯಂತೆ ಮೆತ್ತಗಾಗುವುದು ಆ ಪಿಷ್ಟದಿಂದಲೇ.

ಇಬ್ಬರಿಗೆ ಬೇಕಾದುದು ಇಷ್ಟು: ದೊಡ್ಡದೊಂದು ನೇಂದ್ರ, ಸಿಪ್ಪೆ ಸೇರಿ 250 ಗ್ರಾಂ ತೂಗಿದರೆ ಧಾರಾಳವಾಯಿತು. ಒಂದು ದೊಡ್ಡ ಚಮಚ ತುಪ್ಪ, ಎರಡು ದೊಡ್ಡ ಚಮಚ ಹೆರೆದ ಬೆಲ್ಲ, ಮೂರು ಚಮಚ ಹಸಿ ತೆಂಗಿನ ತುರಿ, ಎರಡು ಏಲಕ್ಕಿ, ಚಿಟಿಕೆ ಉಪ್ಪು. ಅರ್ಧ ಚಮಚ ಹುರಿದ ಎಳ್ಳು ಇದ್ದರೆ ಒಳ್ಳೆಯದು. ಬೆಲ್ಲವನ್ನು ಮೊದಲೇ ಎರಡು ಚಮಚ ಬಿಸಿನೀರಿನಲ್ಲಿ ಕರಗಿಸಿ ಸೋಸಿಟ್ಟುಕೊಳ್ಳುತ್ತೇನೆ. ಅಚ್ಚು ಬೆಲ್ಲದಲ್ಲಿ ಕಲ್ಲು, ಕಸ ಇರುವುದುಂಟು. ಮೆತ್ತಗಿನ ಹಣ್ಣಿನ ನಡುವೆ ಒಂದು ಹರಳು ಹಲ್ಲಿಗೆ ಸಿಕ್ಕಿದರೂ ಸಾಕು, ಎಲ್ಲ ಹಾಳು. ಶಿರಸಿ, ಸಿದ್ದಾಪುರದ ಕಡೆಯಿಂದ ಯಾರಾದರೂ ಜೋನಿ ಬೆಲ್ಲ ತಂದುಕೊಟ್ಟಿದ್ದರೆ ಕರಗಿಸುವ ಕೆಲಸವೇ ಇಲ್ಲ, ನೇರವಾಗಿ ಸುರಿಯಬಹುದು. ನನಗೆ ಅದರ ರುಚಿಯೇ ಹೆಚ್ಚು ಪ್ರಿಯ.

ಹಣ್ಣನ್ನು ಓರೆಯಾಗಿ, ಕಿರುಬೆರಳಿನ ದಪ್ಪಕ್ಕೆ ಹೆಚ್ಚಬೇಕು. ತೆಳ್ಳಗಾದರೆ ತಿರುವುವಾಗ ಮುರಿಯುತ್ತದೆ. ಓರೆಯಾಗಿ ಹೆಚ್ಚುವುದರಿಂದ ತುಪ್ಪಕ್ಕೆ ತಾಗುವ ಮೈ ಅಗಲವಾಗುತ್ತದೆ. ಬಾಣಲೆ ತಳ ಅಗಲವಿರುವ ದಪ್ಪನೆಯದಾಗಲಿ. ಬೀಡಿನ ದೋಸೆ ಕಾವಲಿಯೂ ಆಗುತ್ತದೆ, ಆದರೆ ಬೆಳಗ್ಗೆ ಅದರ ಮೇಲೆ ಈರುಳ್ಳಿ ದೋಸೆ ಹುಯ್ದಿದ್ದರೆ ಬೇಡ.

ಮಧ್ಯಮ ಉರಿಯಲ್ಲಿ ತುಪ್ಪ ಕಾಯಿಸಿ ಹೋಳುಗಳನ್ನು ಒಂದಕ್ಕೊಂದು ತಾಗದಂತೆ ಒಂದೇ ಪದರವಾಗಿ ಹರಡುತ್ತೇನೆ. ಆಮೇಲೆ ಸುಮಾರು ಎರಡು ನಿಮಿಷ ಕೈಹಾಕುವುದಿಲ್ಲ. ಈ ಸಿಹಿಯಲ್ಲಿ ನಾನು ಒತ್ತಿ ಹೇಳುವುದು ಇದೊಂದನ್ನೇ. ಬಾಣಲೆಯ ಮುಂದೆ ನಿಂತವರಿಗೆ ಕೈ ಸುಮ್ಮನಿರುವುದಿಲ್ಲ, ಮಗುಚುತ್ತಲೇ ಇರುತ್ತಾರೆ. ಹಾಗೆ ಕೆದಕಿದ ಹೋಳು ಬಣ್ಣ ಹಿಡಿಯುವುದಿಲ್ಲ, ಅಂಚು ಹರಿದು ಕಾವಲಿಗೆ ಮೆತ್ತಿಕೊಳ್ಳುತ್ತದೆ. ಸುಮ್ಮನೆ ಬಿಟ್ಟರೆ ಅದೇ ತಳ ಬಿಡುತ್ತದೆ. ಬಗ್ಗಿ ನೋಡಿದರೆ ಹೋಳಿನ ಕೆಳಗಿನ ಅಂಚಿನಲ್ಲಿ ಜೇನಿನ ಬಣ್ಣದ ಒಂದು ಗೆರೆ ಏಳುವುದು ಕಾಣುತ್ತದೆ. ಆಗ ಸಟ್ಟುಗವನ್ನು ಅಡಿಗೆ ತೂರಿಸಿ ಒಂದೊಂದಾಗಿ ತಿರುವಿ ಹಾಕಿ. ಎರಡನೆಯ ಬದಿಗೆ ಇನ್ನೂ ಕಡಿಮೆ ಹೊತ್ತು ಸಾಕು.

ಬೆಲ್ಲ ಬರಬೇಕಾದದ್ದು ಈಗ. ಮೊದಲೇ ಹಾಕಿದರೆ ಹಣ್ಣು ಹುರಿಯುವುದಿಲ್ಲ, ಬೆಲ್ಲದ ನೀರಿನಲ್ಲಿ ಬೇಯುತ್ತದೆ. ಹುರಿದು ಕೆಂಪಾಗಲಿ ಎಂದು ಕಾಯುವಷ್ಟರಲ್ಲಿ ಬೆಲ್ಲ ಸುಟ್ಟು ಕಹಿಯಾಗುತ್ತದೆ. ಎರಡೂ ಬದಿ ಕೆಂಪಾದ ಮೇಲೆ ಉರಿ ಸಣ್ಣ ಮಾಡಿ ಬೆಲ್ಲದ ನೀರನ್ನು ಬಾಣಲೆಯ ಅಂಚಿನಿಂದ ಸುರಿಯುತ್ತೇನೆ. ಮೊದಲು ಸಣ್ಣ ನೊರೆ ಭುಸ್ಸೆಂದು ಏಳುತ್ತದೆ. ಒಂದು ನಿಮಿಷದೊಳಗೆ ಗುಳ್ಳೆಗಳು ದೊಡ್ಡವಾಗಿ, ನಿಧಾನವಾಗಿ ಒಡೆಯತೊಡಗಿ, ಪಾಕಕ್ಕೆ ಹೊಳಪು ಬರುತ್ತದೆ. ಬಾಣಲೆಯನ್ನು ಸ್ವಲ್ಪ ಓರೆ ಮಾಡಿದರೆ ಪಾಕ ಇನ್ನೂ ಹರಿಯುತ್ತಿರಬೇಕು. ಆಗಲೇ ಒಲೆ ಆರಿಸಿ. ತಣಿಯುತ್ತ ಅದು ತಾನಾಗಿ ದಪ್ಪವಾಗುತ್ತದೆ. ಒಲೆಯ ಮೇಲೆಯೇ ದಪ್ಪವಾಗಲಿ ಎಂದು ಕಾದರೆ ಬಟ್ಟಲಿಗೆ ಹಾಕುವ ಹೊತ್ತಿಗೆ ಹಲ್ಲಿಗೆ ಅಂಟುವ ಚಿಕ್ಕಿಯಾಗಿರುತ್ತದೆ.

ಕಾಯಿತುರಿ, ಆಗಷ್ಟೇ ಕುಟ್ಟಿದ ಏಲಕ್ಕಿ, ಉಪ್ಪು, ಎಳ್ಳು, ಇವೆಲ್ಲ ಉರಿ ಆರಿಸಿದ ಮೇಲೆ. ತುರಿ ಬೇಯಬಾರದು. ಹಸಿ ಕಾಯಿಯ ಹಾಲು ಬೆಲ್ಲದೊಂದಿಗೆ ಬೆರೆತರೆ ಸಿಹಿಯ ತೀಕ್ಷ್ಣತೆ ತಗ್ಗುತ್ತದೆ. ಉಪ್ಪನ್ನು ಬಿಡಬೇಡಿ. ಒಂದೇ ಚಿಟಿಕೆಗೆ ಬೆಲ್ಲದ ರುಚಿ ಎದ್ದು ನಿಲ್ಲುತ್ತದೆ.

ಮಳೆಗಾಲದ ರಾತ್ರಿಗಳಲ್ಲಿ ನನ್ನವರು ತುರಿಯ ಬದಲು ಕಾಯಿಹಾಲು ಕೇಳುತ್ತಾರೆ. ಅರ್ಧ ಕಪ್ ದಪ್ಪನೆಯ ಮೊದಲ ಹಾಲನ್ನು ಒಲೆಯಿಂದ ಇಳಿಸಿದ ಬಾಣಲೆಗೆ ಸುರಿದು, ಒಂದು ಚಿಟಿಕೆ ಒಣಶುಂಠಿ ಪುಡಿ ಉದುರಿಸಿ, ಬಿಸಿಯಲ್ಲೇ ಬೆರೆಸುತ್ತೇನೆ. ಮತ್ತೆ ಕುದಿಸಿದರೆ ಹಾಲು ಒಡೆದು ಎಣ್ಣೆ ಬೇರೆಯಾಗುತ್ತದೆ. ಹಸುವಿನ ಹಾಲನ್ನಂತೂ ಕುದಿಯುವ ಬೆಲ್ಲದ ಮೇಲೆ ಸುರಿಯಲೇಬಾರದು, ಒಡೆದುಹೋಗುತ್ತದೆ.

ನೇಂದ್ರ ಸಿಗದ ದಿನಗಳಲ್ಲಿ ಇದೇ ಬಾಣಲೆಗೆ ಬೇರೆ ಹಣ್ಣೂ ಬರುತ್ತದೆ. ಬನವಾಸಿ ಕಡೆಯ ಅನಾನಸ್ ಬಂದಾಗ ನಡುವಿನ ಗಟ್ಟಿ ದಿಂಡು ತೆಗೆದು ಕಾಲು ಹಣ್ಣನ್ನು ತುಪ್ಪದಲ್ಲಿ ಜೋರು ಉರಿಯಲ್ಲಿ ಹುರಿಯುತ್ತೇನೆ. ಅದು ಬಿಡುವ ರಸ ಆರಿದ ಮೇಲೆಯೇ ಬಣ್ಣ ಬರುವುದು. ಅದಕ್ಕೆ ಏಲಕ್ಕಿಗಿಂತ ಒಂದಿಷ್ಟು ಕಾಳುಮೆಣಸಿನ ಪುಡಿ ಒಪ್ಪುತ್ತದೆ. ಕರಾವಳಿಯ ಸಿಹಿ-ಖಾರದ ಗೊಜ್ಜಾದ ಮೆಣಸ್ಕಾಯಿ ತಿಂದು ಬೆಳೆದವರಿಗೆ ಅನಾನಸ್ಸಿನ ಸಿಹಿಯ ಜೊತೆ ಖಾರ ಹೊಸದೇನಲ್ಲ. ಹಲಸಿನ ಕಾಲದಲ್ಲಿ ಗಟ್ಟಿ ತೊಳೆಯ ಬಕ್ಕೆ ಹಲಸಿನ ಹತ್ತು ತೊಳೆಯನ್ನು ಉದ್ದಕ್ಕೆ ಸೀಳಿ ಹಾಕಿದರೂ ಆಯಿತು. ಮೆತ್ತಗಿನ ತೊಳೆಯ ತುಳುವ ಹಲಸು ಈ ಕೆಲಸಕ್ಕಲ್ಲ. ಮಾವಿನಹಣ್ಣನ್ನು ನಾನು ಹೀಗೆ ಹುರಿಯುವುದಿಲ್ಲ, ಬಿಸಿ ತಾಗಿದೊಡನೆ ಅದರ ಪರಿಮಳ ಹಾರಿಹೋಗುತ್ತದೆ.

ಹಿಮಾಚಲದ ಸೇಬು ಅಗ್ಗವಾಗುವ ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ ಸೇಬಿನ ಸರದಿ. ಸಿಪ್ಪೆ ತೆಗೆಯದೆ ದಪ್ಪ ಹೋಳು ಮಾಡಿ, ಎರಡು ಲವಂಗದೊಂದಿಗೆ ತುಪ್ಪಕ್ಕೆ ಹಾಕಿ, ಒಂದು ಬದಿ ಕೆಂಪಾದ ಮೇಲೆ ಎರಡು ಚಮಚ ನೀರು ಚಿಮುಕಿಸಿ ಮೂರು ನಿಮಿಷ ಮುಚ್ಚಿಡಬೇಕು. ಬಾಳೆಹಣ್ಣಿಗೆ ಬೇಡದ ಈ ಮುಚ್ಚಳ ಸೇಬಿಗೆ ಬೇಕೇಬೇಕು, ಇಲ್ಲದಿದ್ದರೆ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಬೆಲ್ಲ ಹಾಕುವ ಮೊದಲು ನಾಲ್ಕು ತೊಟ್ಟು ಲಿಂಬೆರಸ ಹಿಂಡಿ. ಈಗ ಬರುವ ಸೇಬುಗಳಲ್ಲಿ ಹುಳಿ ಕಡಿಮೆ, ಬರಿಯ ಸಿಹಿಯಾದರೆ ಎರಡನೆಯ ತುತ್ತಿಗೇ ಸಾಕೆನಿಸುತ್ತದೆ.