ಪಿಕಪ್‌ನ ಗೇರ್ ಎಣ್ಣೆ ಸೋರಿಕೆ: ಕೂಲರ್ ಪೈಪ್ ಬದಲಿಸಿದ ಕ್ರಮ

ಮಂಡ್ಯದ ಕಬ್ಬಿನ ಗದ್ದೆಗಳಿಗೆ ಓಡಾಡುವ ನನ್ನ ಆಟೋಮ್ಯಾಟಿಕ್ ಪಿಕಪ್ ನಿಂತಲ್ಲೆಲ್ಲ ರೇಡಿಯೇಟರ್ ಕೆಳಗೆ ಗೇರ್‌ಬಾಕ್ಸಿನ ಕೆಂಪು ಎಣ್ಣೆ (ಎಟಿಎಫ್) ತೊಟ್ಟಿಕ್ಕುತ್ತಿತ್ತು. ಕ್ಲಾಂಪ್ ಬಿಗಿದೆ, ಸೀಲಂಟ್ ಮೆತ್ತಿದೆ, ಟೆಫ್ಲಾನ್ ಟೇಪ್ ಸುತ್ತಿದೆ. ಬಿಸಿಯಾದೊಡನೆ ಮತ್ತೆ ಅದೇ. ಟೇಪಿನ ಚೂರು ಒಳಗೆ ಹೋದರೆ ಗೇರ್‌ಬಾಕ್ಸಿನ ವಾಲ್ವ್ ಕಟ್ಟಿಕೊಳ್ಳುತ್ತದೆ, ಆ ಬುದ್ಧಿವಂತಿಕೆ ಬೇಡ. ಒರೆಸಿ ನೋಡಿದರೆ ರಬ್ಬರ್ ಭಾಗ ಉಕ್ಕಿನ ಪೈಪನ್ನು ಸೇರುವಲ್ಲೇ ಜಿನುಗುತ್ತಿತ್ತು. ಈ ಎಣ್ಣೆ ತಣಿಯಲು ರೇಡಿಯೇಟರ್‌ಗೆ ಹೋಗಿ ಬರುವ ಎರಡೂ ಕೂಲರ್ ಪೈಪ್, ಫಿಟ್ಟಿಂಗ್, ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಹೊಸದು ತಂದೆ.

ಬಿಚ್ಚುವಾಗ ರೇಡಿಯೇಟರ್ ಕಡೆಯ ಫಿಟ್ಟಿಂಗನ್ನು ಒಂದು ಸ್ಪ್ಯಾನರ್‌ನಲ್ಲಿ ಹಿಡಿದು, ಇನ್ನೊಂದರಿಂದ ನಟ್ಟು ತಿರುಗಿಸಬೇಕು. ಓ-ರಿಂಗ್‌ಗೆ ಅದೇ ಎಟಿಎಫ್ ಎಣ್ಣೆಯನ್ನೇ ಸವರಿ, ಎರಡೂ ತುದಿಯ ನಟ್ಟುಗಳನ್ನು ಬೆರಳಿನಲ್ಲೇ 3–4 ಸುತ್ತು ಕೂರಿಸಿ, ಆಮೇಲೆ ಸ್ಪ್ಯಾನರ್ ಹಾಕಿದೆ. ಚಾಸಿಯ ಕ್ಲಿಪ್ ಕೊನೆಗೆ. ಅದನ್ನು ಮೊದಲೇ ಬಿಗಿದರೆ ಪೈಪ್ ಎಳೆದುಕೊಂಡು ಥ್ರೆಡ್ ಓರೆಯಾಗುತ್ತದೆ. ಎಂಜಿನ್ ಓಡುತ್ತಿರುವಾಗಲೇ ಬ್ರೇಕ್ ಒತ್ತಿ ಎಲ್ಲ ಗೇರಿಗೂ ಹಾಕಿ, ‘ಪಿ’ಗೆ (ಪಾರ್ಕ್) ತಂದು, ಮಟ್ಟ ನೋಡಿ ಎಣ್ಣೆ ತುಂಬಿದೆ.