ಕಾನ್ಫರೆನ್ಸ್ ಪೇಪರ್: ಆಕರ ಪಟ್ಟಿಯಲ್ಲಿ ಬರೆಯುವುದು ಹೇಗೆ?

ಪುಸ್ತಕ, ಜರ್ನಲ್ ಲೇಖನಗಳ ಉಲ್ಲೇಖ ಬರೆಯುವುದು ಸಂಶೋಧನಾ ವಿದ್ಯಾರ್ಥಿಗಳಿಗೆ ಬೇಗ ರೂಢಿಯಾಗುತ್ತದೆ. ತಡವರಿಸುವುದು ಕಾನ್ಫರೆನ್ಸ್ ಪೇಪರ್ ಬಂದಾಗ. ಒಂದೇ ಕೆಲಸ ವೇದಿಕೆಯ ಮೇಲೆ ಮಾತಾಗಿ, ಪಿಪಿಟಿಯಾಗಿ, ಅಚ್ಚಾದ ಪ್ರಬಂಧವಾಗಿ, ಕೆಲವೊಮ್ಮೆ ವಿಡಿಯೊ ಆಗಿಯೂ ಇರುತ್ತದೆ. ಇವುಗಳಲ್ಲಿ ನೀವು ನಿಜಕ್ಕೂ ಓದಿದ್ದು, ನೋಡಿದ್ದು ಯಾವುದೋ ಅದನ್ನೇ ಬರೆಯಬೇಕು. ಅದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಉಳಿದದ್ದು ಚುಕ್ಕಿ, ಕಾಮಾಗಳ ಲೆಕ್ಕ ಅಷ್ಟೆ.

ಒಂದು ಉದಾಹರಣೆ ನೋಡಿ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದ ಕಂಪ್ಯೂಟರ್ ಸಮ್ಮೇಳನವೊಂದರಲ್ಲಿ ಅಮೆರಿಕದ ಎಂಜಿನಿಯರ್ ಡಗ್ಲಸ್ ಎಂಗೆಲ್‌ಬಾರ್ಟ್ ಸುಮಾರು 90 ನಿಮಿಷ ಪ್ರಾತ್ಯಕ್ಷಿಕೆ ಕೊಟ್ಟರು. ಮೌಸ್ ತೋರಿಸಿದರು, ಮೆನ್ಲೊ ಪಾರ್ಕ್ ಎಂಬ ಬೇರೆ ಊರಿನಲ್ಲಿದ್ದ ಸಹೋದ್ಯೋಗಿಯ ಜೊತೆ ಪರದೆಯ ಮೇಲೇ ಮಾತಾಡಿದರು. ಅದೇ ಸಮ್ಮೇಳನದ ಪ್ರೊಸೀಡಿಂಗ್ಸ್‌ನ (ಸಮ್ಮೇಳನದ ಪ್ರಬಂಧಗಳ ಅಚ್ಚಾದ ಸಂಗ್ರಹ) 33ನೇ ಸಂಪುಟದಲ್ಲಿ, 395ರಿಂದ 410ನೇ ಪುಟದವರೆಗೆ ಅವರ ಪ್ರಬಂಧವೂ ಇದೆ. ಅದಕ್ಕೆ ವಿಲಿಯಂ ಇಂಗ್ಲಿಷ್ ಸಹಲೇಖಕರು. ವೇದಿಕೆಯ ಮೇಲೆ ನಡೆದ ಆ ಮಾತುಕತೆಯ ಬಗ್ಗೆ ಬರೆದು, ಕೆಳಗೆ ಪ್ರಬಂಧದ ಪುಟಸಂಖ್ಯೆ ಕೊಟ್ಟರೆ ಹುಡುಕಿ ಹೋದವರು ಬರಿಗೈಲಿ ವಾಪಸ್ ಬರುತ್ತಾರೆ. ಅಲ್ಲಿ ಆ ಪ್ರಾತ್ಯಕ್ಷಿಕೆಯ ವಿಡಿಯೊವನ್ನೇ ಉಲ್ಲೇಖಿಸಬೇಕು.

ಅಚ್ಚಾದ ಪೇಪರ್ ಆದರೆ

ಮೊದಲು ವಿವರ ಕೂಡಿಸಿ: ಎಲ್ಲ ಲೇಖಕರು, ಶೀರ್ಷಿಕೆ, ಪ್ರೊಸೀಡಿಂಗ್ಸ್‌ನ ಪೂರ್ತಿ ಹೆಸರು, ಸಂಪಾದಕರು, ವರ್ಷ, ಪುಟಗಳು, ಪ್ರಕಾಶಕರು, ಡಿಒಐ (ಪ್ರಬಂಧವನ್ನು ಅಂತರ್ಜಾಲದಲ್ಲಿ ಗುರುತಿಸುವ ಕಾಯಂ ಸಂಖ್ಯೆ). ಸಮ್ಮೇಳನ ನಡೆದ ಊರು, ದಿನಾಂಕವನ್ನೂ ಗುರುತು ಹಾಕಿಕೊಳ್ಳಿ; ಕೆಲವು ಶೈಲಿಗಳು ಕೇಳುತ್ತವೆ.

ಈಗ ಶೈಲಿ. ಸಮಾಜ ವಿಜ್ಞಾನ, ಶಿಕ್ಷಣ, ಮನಶ್ಶಾಸ್ತ್ರದವರು ಸಾಮಾನ್ಯವಾಗಿ ಎಪಿಎ (ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಶೈಲಿ) ಬಳಸುತ್ತಾರೆ, ಎಂಜಿನಿಯರಿಂಗ್‌ನವರು ಐಇಇಇ (ಎಂಜಿನಿಯರುಗಳ ಸಂಸ್ಥೆಯೊಂದರ ಶೈಲಿ). ಚಿತ್ರಗಳನ್ನು ಗುರುತಿಸಲು ಕಂಪ್ಯೂಟರ್‌ಗೆ ಕಲಿಸುವ ಬಗ್ಗೆ ಕೈಮಿಂಗ್ ಹೀ ಮತ್ತು ಮೂವರು ಬರೆದ ರೆಸ್‌ನೆಟ್ ಪೇಪರ್ ತೆಗೆದುಕೊಳ್ಳೋಣ. ಎಪಿಎಯಲ್ಲಿ ಅದರ ಕ್ರಮ ಹೀಗೆ: ಹೀ, ಕೆ. ಎಂದು ಶುರುವಾಗಿ ನಾಲ್ವರ ಹೆಸರು, ಕಂಸದಲ್ಲಿ 2016, ಪೇಪರಿನ ಶೀರ್ಷಿಕೆ ನೆಟ್ಟಗಿನ ಅಕ್ಷರದಲ್ಲಿ, ಆಮೇಲೆ ಪ್ರೊಸೀಡಿಂಗ್ಸ್‌ನ ಹೆಸರು ಇಟಾಲಿಕ್‌ನಲ್ಲಿ, ಕಂಸದಲ್ಲಿ ಪುಟ 770–778, ಪ್ರಕಾಶಕರು, ಕೊನೆಗೆ ಡಿಒಐ. ಅಂದರೆ ಸಂಪಾದಿತ ಪುಸ್ತಕದ ಅಧ್ಯಾಯವನ್ನು ಹೇಗೆ ಬರೆಯುತ್ತೀರೋ ಹಾಗೇ. ಪ್ರೊಸೀಡಿಂಗ್ಸ್ ಜರ್ನಲ್‌ನ ಸಂಚಿಕೆಯಾಗಿ ಬಂದಿದ್ದರೆ ಜರ್ನಲ್ ಲೇಖನದಂತೆ ಬರೆಯಿರಿ.

ಐಇಇಇಯಲ್ಲಿ ಚೌಕ ಕಂಸದೊಳಗೆ ಕ್ರಮಸಂಖ್ಯೆ ಮೊದಲು. ಇನಿಷಿಯಲ್ ಹೆಸರಿಗಿಂತ ಮೊದಲು ಬರುತ್ತದೆ, ಶೀರ್ಷಿಕೆಗೆ ಉದ್ಧರಣ ಚಿಹ್ನೆ ಇರುತ್ತದೆ, ಸಮ್ಮೇಳನದ ಹೆಸರು ಮೊಟಕಾಗುತ್ತದೆ, ವರ್ಷ ಕೊನೆಯ ಕಡೆಗೆ ಹೋಗುತ್ತದೆ. ಲೇಖಕರು ಆರಕ್ಕಿಂತ ಜಾಸ್ತಿ ಇದ್ದರೆ ಮೊದಲನೆಯವರ ಹೆಸರಾದ ಮೇಲೆ ‘ಮತ್ತಿತರರು’ ಎಂದರೆ ಸಾಕು. ಎಪಿಎ ಇದರಲ್ಲಿ ಬಿಗಿ: ಅದರ ಏಳನೇ ಆವೃತ್ತಿಯ ಪ್ರಕಾರ ಆಕರ ಪಟ್ಟಿಯಲ್ಲಿ 20 ಲೇಖಕರವರೆಗೂ ಎಲ್ಲರ ಹೆಸರು ಬರೆಯಬೇಕು.

ಜಾಸ್ತಿ ಎಡವುವುದು ವರ್ಷದಲ್ಲಿ. ಇದೇ ರೆಸ್‌ನೆಟ್ ಪೇಪರ್ ಅಚ್ಚಿಗೆ ಮುಂಚಿನ ಪ್ರತಿಗಳನ್ನು ಹಾಕುವ ಆರ್‌ಕೈವ್ ಜಾಲತಾಣದಲ್ಲಿ 2015ರ ಡಿಸೆಂಬರ್‌ನಲ್ಲೇ ಬಂತು. ಅದು ಮಂಡನೆಯಾದ ಲಾಸ್ ವೇಗಾಸ್‌ನ ಸಮ್ಮೇಳನ ನಡೆದದ್ದು 2016ರಲ್ಲಿ. ಗೂಗಲ್ ಸ್ಕಾಲರ್‌ನಲ್ಲಿ ಒಂದೇ ಪೇಪರಿನ ಎರಡೂ ರೂಪ ಸಿಗಬಹುದು. ವರ್ಷ ಒಂದರದ್ದು, ಪುಟಸಂಖ್ಯೆ ಇನ್ನೊಂದರದ್ದು ಬೆರೆಸಬೇಡಿ. ಸಮ್ಮೇಳನದ ಪ್ರತಿ ಕೈಗೆ ಸಿಕ್ಕರೆ ಅದನ್ನೇ ಓದಿ, ಅದನ್ನೇ ಹಾಕಿ.

ಬರೀ ಮಾತು, ಪೋಸ್ಟರ್ ಆದರೆ

ಅಚ್ಚಾಗದ ಮಂಡನೆಗೆ ಎಪಿಎಯಲ್ಲಿ ಬೇರೆ ದಾರಿ. ಇಲ್ಲಿ ಬರೀ ವರ್ಷ ಸಾಲದು, ಸಮ್ಮೇಳನ ನಡೆದ ಎಲ್ಲ ದಿನಗಳೂ ಬೇಕು. ಶೀರ್ಷಿಕೆ ಇಟಾಲಿಕ್‌ನಲ್ಲಿ, ಪಕ್ಕದಲ್ಲೇ ಚೌಕ ಕಂಸದಲ್ಲಿ ಅದು ಏನು ಅನ್ನುವುದು: ಪ್ರಬಂಧ ಮಂಡನೆಯೋ, ಪೋಸ್ಟರೋ, ಆಶಯ ಭಾಷಣವೋ. ಆಮೇಲೆ ಸಮ್ಮೇಳನದ ಹೆಸರು, ಊರು, ದೇಶ. ವಿಡಿಯೊ ಅಥವಾ ಸ್ಲೈಡ್‌ನ ಲಿಂಕ್ ಇದ್ದರೆ ಕೊನೆಗೆ.

ಪ್ರಶ್ನೋತ್ತರದ ವೇಳೆ ಯಾರೋ ಹಿರಿಯರು ಹೇಳಿದ ಒಂದು ಮಾತು ನಿಮಗೆ ಬೇಕಾಗಿದೆ, ರೆಕಾರ್ಡಿಂಗ್ ಇಲ್ಲ ಅನ್ನಿ. ಓದುಗರು ಹುಡುಕಿದರೂ ಸಿಗದ ಇಂಥದ್ದನ್ನು ಎಪಿಎ ಖಾಸಗಿ ಸಂವಹನ ಎಂದು ಲೆಕ್ಕ ಹಾಕುತ್ತದೆ. ಬರಹದ ಒಳಗೇ ಹೆಸರು, ದಿನಾಂಕ ಹಾಕಿ. ಆಕರ ಪಟ್ಟಿಗೆ ಸೇರಿಸಬೇಡಿ.

ನಮ್ಮ ಕಾಲೇಜುಗಳ ಸೆಮಿನಾರ್‌ಗಳಲ್ಲಿ ಎಷ್ಟೋ ಸಲ ಕೈಗೆ ಬರುವುದು ಸಾರಾಂಶಗಳ ಪುಸ್ತಕ ಮಾತ್ರ. ಅದಕ್ಕೆ ಐಎಸ್‌ಬಿಎನ್ ಇದ್ದರೂ ಒಳಗಿರುವುದು ಸಾರಾಂಶವೇ ಅಲ್ವಾ? ಓದಿದ್ದು ಸಾರಾಂಶ ಎಂದು ತೋರಿಸಿ. ಪೂರ್ತಿ ಪ್ರಬಂಧ ಓದಿದವರ ಹಾಗೆ ಬರೆದರೆ ವೈವಾದಲ್ಲಿ ಒಂದೇ ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ.

ಉಲ್ಲೇಖಗಳನ್ನು ಜೋಡಿಸಿಕೊಡುವ ಜೊಟೆರೊ, ಮೆಂಡೆಲಿಯಂಥ ತಂತ್ರಾಂಶಗಳು ಕೆಲಸ ಹಗುರ ಮಾಡುತ್ತವೆ. ಜೊಟೆರೊದಲ್ಲಿ ಕಾನ್ಫರೆನ್ಸ್ ಪೇಪರ್ ಮತ್ತು ಪ್ರೆಸೆಂಟೇಶನ್ ಎಂದು ಎರಡು ಬೇರೆ ವಿಧಗಳೇ ಇವೆ, ಸರಿಯಾದದ್ದನ್ನು ಆರಿಸಿ. ಆದರೆ ನಮ್ಮ ಕಡೆಯ ಹೆಸರುಗಳು ಬಂದಾಗ ಕಣ್ಣಿಟ್ಟಿರಿ. ನಮ್ಮಲ್ಲಿ ಇನಿಷಿಯಲ್ ಅಂದರೆ ಎಷ್ಟೋ ಸಲ ಊರಿನದ್ದು, ಇಲ್ಲವೇ ತಂದೆಯದ್ದು. ‘ಸುರೇಶ್ ಕೆ.’ ಎಂದಿದ್ದರೆ ತಂತ್ರಾಂಶ ಕೊನೆಯದ್ದನ್ನೇ ಮನೆತನದ ಹೆಸರು ಅಂದುಕೊಂಡು ‘ಕೆ., ಎಸ್.’ ಎಂದು ಕೂರಿಸಿಬಿಡುತ್ತದೆ. ಅದನ್ನು ‘ಸುರೇಶ್, ಕೆ.’ ಎಂದು ಕೈಯಾರೆ ತಿದ್ದಿ, ಆಮೇಲೆ ಗೈಡ್‌ಗೆ ಕಳಿಸಿ.