ಎರೆ ಮಣ್ಣು, ಖಾನಾವಳಿಯ ಬೂದಿ ಮತ್ತು ಅಸಲ್ ಉತ್ತರ್‌ನ ಪ್ಯಾಟನ್‌ಗಳು

ಹೊಲದ ಮಣ್ಣು ಬಳಿದರೆ ಮಾದರಿ ಟ್ಯಾಂಕು ಯುದ್ಧ ಕಂಡಂತೆ ಹಳತಾಗುವುದಿಲ್ಲ, ಹಾಳಾಗುತ್ತದೆ ಎಂದು, ಮೇಜಿನ ಮೇಲೆ ಪುಟ್ಟ ಮಾದರಿಗಳಿಂದ ಯುದ್ಧದಾಟ ಆಡುವ ನಮ್ಮ ಗುಂಪಿನಲ್ಲಿ ಹೇಳದವರಿರಲಿಲ್ಲ. ಈಗ ನವಲಗುಂದದ ಎರೆ ಮಣ್ಣು ಹೊತ್ತ ಮೂವತ್ತರಷ್ಟು ಟ್ಯಾಂಕುಗಳು ನನ್ನ ಕಪಾಟಿನಲ್ಲಿವೆ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೂ ಧಾರವಾಡಕ್ಕೂ ಎಷ್ಟು ಸಲ ಓಡಾಡಿದರೂ ಡಬ್ಬಿಯ ತಳದಲ್ಲಿ ಒಂದು ಚಿಟಿಕೆ ಮಣ್ಣು ಉದುರಿಲ್ಲ. ಮೊದಲು ನಕ್ಕವರೇ ಈಗ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬಾಯಿಯಲ್ಲಿ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ.

ಪ್ರೈಮರ್, ಬೇಸ್ ಕೋಟ್, ವಾಷ್ ಎಂಬ ಬಣ್ಣದ ಪದರಗಳನ್ನು ವಿವರಿಸುವುದಿಲ್ಲ. ಇದನ್ನು ಓದುವವರ ಉಗುರಿನ ಸಂದಿಯಲ್ಲಿ ಈಗಾಗಲೇ ಬಣ್ಣ ಇರುತ್ತದೆ. ನನ್ನದು 1:100 ಅಳತೆಯ ಪಡೆ, 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನಲ್ಲಿ ನಡೆದ ಅಸಲ್ ಉತ್ತರ್ ಕದನ. ಒಂದು ಕಡೆ ನಮ್ಮ ಸೆಂಚೂರಿಯನ್ ಮತ್ತು ಶರ್ಮನ್, ಎದುರಿಗೆ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು. ಎರಡೂ ಪಡೆಗಳನ್ನು ನಾನೇ ಕಟ್ಟಿದೆ, ಏಕೆಂದರೆ ಸೋಲುವ ಪ್ಯಾಟನ್‌ಗಳಿಗೆ ದುಡ್ಡು ಹಾಕಲು ಬೇರೆ ಯಾರೂ ಮುಂದೆ ಬರಲಿಲ್ಲ.

ದುಡ್ಡಿನ ಮಾತು ಬಂತು, ಮೊದಲು ಅದನ್ನೇ ಮುಗಿಸುತ್ತೇನೆ. ಧೂಳು, ಕೆಸರಿನಂತೆ ಕಾಣಲು ಬಳಿಯುವ ವಿದೇಶಿ ಪಿಗ್ಮೆಂಟ್ ಪುಡಿಯ ಒಂದು ಪುಟ್ಟ ಡಬ್ಬಿಗೆ ನಾನು ತರಿಸಿದಾಗ ನಾನೂರು ರೂಪಾಯಿಯ ಆಸುಪಾಸು, ಮೇಲೆ ಕೊರಿಯರ್. ನಾಲ್ಕು ಬಣ್ಣ ತರಿಸಿದೆ. ಒಂದರ ಮುಚ್ಚಳ ದಾರಿಯಲ್ಲಿ ಬಿಚ್ಚಿಕೊಂಡು ಅರ್ಧ ಪುಡಿ ರಟ್ಟಿನ ಪೆಟ್ಟಿಗೆಯ ಪಾಲಾಗಿತ್ತು. ಅಂಗಡಿಯವನು ಫೋಟೊ ಕೇಳಿದ, ಕಳಿಸಿದೆ, ಆಮೇಲೆ ಉತ್ತರವೇ ಇಲ್ಲ. ನನ್ನ ಕೈ ಸ್ವಲ್ಪ ಧಾರಾಳ, ಒಂದು ಡಬ್ಬಿ ಆರೇಳು ಟ್ಯಾಂಕಿಗೆ ಮುಗಿಯುತ್ತದೆ. ಎರಡೂ ಪಡೆಗಳಿಗೆ ಲೆಕ್ಕ ಹಾಕಿದರೆ ಸಾವಿರಾರು ರೂಪಾಯಿ ಬಂತು. ಬಣ್ಣಕ್ಕಿಂತ ಧೂಳಿಗೇ ಹೆಚ್ಚು ಖರ್ಚು! ಹುಬ್ಬಳ್ಳಿಯಲ್ಲಿ ಕುಳಿತು ಧೂಳನ್ನು ಆಮದು ಮಾಡಿಕೊಳ್ಳುವುದಕ್ಕೆ ನನಗೆ ನಾಚಿಕೆಯಾಯಿತು.

ಮಣ್ಣನ್ನು ಬರೀ ಜರಡಿ ಹಿಡಿದರೆ ಸಾಲದು. 1:100 ಅಳತೆಯಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಕಣವೂ ಒಂದು ಸೆಂಟಿಮೀಟರಿನ ಜಲ್ಲಿಕಲ್ಲಿಗೆ ಸಮ. ಮಲ್ ಬಟ್ಟೆಯಲ್ಲಿ ಸೋಸಿ ಬಳಿದ ಮೊದಲ ಶರ್ಮನ್ ಕಲ್ಲುಗಣಿಯಿಂದ ಹೊರಬಂದಂತಿತ್ತು. ಆದ್ದರಿಂದ ಬಕೆಟ್ ನೀರಿನಲ್ಲಿ ಮಣ್ಣು ಕದಡಿ, ಒಂದು ನಿಮಿಷ ಬಿಟ್ಟು, ಮೇಲಿನ ಬಗ್ಗಡವನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಬೇಕು. ಮರಳೆಲ್ಲ ತಳದಲ್ಲಿ ಉಳಿಯುತ್ತದೆ. ಎರೆ ಮಣ್ಣಿನ ಬಗ್ಗಡ ದಿನಗಟ್ಟಲೆ ತಿಳಿಯಾಗುವುದಿಲ್ಲ. ಒಂದು ಚೂರು ಪಟಕ ಆಡಿಸಿದರೆ ಬೆಳಗಾಗುವಷ್ಟರಲ್ಲಿ ಕೆಳಗೆ ಕೂರುತ್ತದೆ. ಒಣಗಿದ ಹೆಕ್ಕಳಿಕೆಯನ್ನು ಕಲ್ಲಿನಲ್ಲಿ ಅರೆದರೆ ಕೈಗೆ ಪೌಡರಿನಂತೆ ಹತ್ತುವ ಪುಡಿ ಸಿಗುತ್ತದೆ.

ಇಷ್ಟಾದ ಮೇಲೆ ನಿಜವಾದ ತಾಪತ್ರಯ ಶುರುವಾಯಿತು. ಬೇಸಿಗೆಯಲ್ಲಿ ಎರೆ ಹೊಲ ಬಿರುಕು ಬಿಡುವುದನ್ನು ನೋಡಿದ್ದೀರಲ್ಲ, ಟ್ಯಾಂಕಿನ ಚಕ್ರಗಳ ಸುತ್ತ ತಿರುಗುವ ಪಟ್ಟಿಯ, ಅಂದರೆ ಟ್ರ್ಯಾಕಿನ ಮೇಲೂ ಅದೇ ಕಥೆ. ದಪ್ಪಗೆ ಮೆತ್ತಿದ ಕೆಸರು ರಾತ್ರಿ ಚೆನ್ನಾಗಿತ್ತು, ಮರುದಿನ ಮಧ್ಯಾಹ್ನದ ಹೊತ್ತಿಗೆ ಸೀಳಿ, ಚಕ್ಕೆ ಚಕ್ಕೆಯಾಗಿ ಎದ್ದು, ಚಕ್ರದ ಬಣ್ಣವನ್ನೂ ಕಿತ್ತುಕೊಂಡು ಬಿತ್ತು. ಅಂಟು ಹೆಚ್ಚಿಸಿದರೆ ಇನ್ನೂ ಜೋರಾಗಿ ಸುರುಟಿತು. ನಾಲ್ಕು ಪ್ಯಾಟನ್‌ಗಳಿಗೆ ಮತ್ತೆ ಮೊದಲಿನಿಂದ ಬಣ್ಣ. ಧಾರವಾಡದ ಗೆಳೆಯರೊಬ್ಬರು, "ಸರ್, ನಿಮ್ಮದು ಟ್ಯಾಂಕ್ ಪಡೆಯೋ, ಬರಗಾಲದ ಸಮೀಕ್ಷೆಯೋ?" ಎಂದು ಎಲ್ಲರ ಮುಂದೆ ಕೇಳಿದರು.

ಬಿರುಕು ಬಿಡದಿರಲೆಂದು ಕುಂಬಾರರು ಮಣ್ಣಿಗೆ ಮರಳು, ಬೂದಿ ಬೆರೆಸುತ್ತಾರೆ. ನಮ್ಮ ಅಳತೆಗೆ ಮರಳು ದಪ್ಪ, ಉಳಿದದ್ದು ಬೂದಿ. ನಾನು ಊಟ ಮಾಡುವ ಖಾನಾವಳಿಯಲ್ಲಿ ಇನ್ನೂ ಕಟ್ಟಿಗೆ ಒಲೆಯ ಮೇಲೆಯೇ ರೊಟ್ಟಿ ಬೇಯುತ್ತದೆ. "ಅಕ್ಕಾ, ಸ್ವಲ್ಪ ಬೂದಿ ಕೊಡುತ್ತೀರಾ?" ಎಂದೆ. "ಪಾತ್ರೆ ತಿಕ್ಕಲಿಕ್ಕಾ ತಮ್ಮಾ?" ಎಂದರು. ಟ್ಯಾಂಕಿಗೆ ಎಂದೆ. ನೀರಿನ ಟ್ಯಾಂಕು ತೊಳೆಯಲು ಎಂದುಕೊಂಡು ಒಂದು ಚೀಲ ತುಂಬಿ ಕೊಟ್ಟರು. ಬೂದಿ ಸೇರಿದ ಮೇಲೆ ಬಿರುಕು ನಿಂತಿತು. ಆದರೆ ಜುಲೈ ಜಿಟಿಜಿಟಿ ಮಳೆ ಹಿಡಿದಾಗ ಅದೇ ಕೆಸರು ಗಾಳಿಯ ತೇವ ಹೀರಿ ಜಿಗುಟಾಯಿತು, ಬೆರಳಿಟ್ಟರೆ ಗುರುತು ಮೂಡುತ್ತಿತ್ತು. ಬೂದಿಯಲ್ಲಿರುವ ಕ್ಷಾರದ ಕೆಲಸ ಅದು. ಎರಡು ಮೂರು ನೀರಿನಲ್ಲಿ ತೊಳೆದು, ಮೇಲಿನ ತಿಳಿ ಚೆಲ್ಲಿ, ಒಣಗಿಸಿದ ಬೂದಿಗೆ ಈ ರೋಗವಿಲ್ಲ.

ಬೂದಿಯಿಂದ ಇನ್ನೊಂದು ಲಾಭ ತಾನಾಗಿಯೇ ಬಂತು. ಪಂಜಾಬಿನ ಮಣ್ಣು ನಮ್ಮ ಎರೆಯಂತೆ ಕಪ್ಪಲ್ಲ, ನದಿ ತಂದು ಹಾಸಿದ ಮಾಸಲು ಕಂದು. ಎರೆ ಒಂದು ಪಾಲು, ಗದಗಿನ ಕಡೆಯ ಕೆಂಪು ಮಸಾರಿ ಮಣ್ಣು ಅರ್ಧ ಪಾಲು, ಬೂದಿ ಎರಡು ಪಾಲು ಹಾಕಿದರೆ ಆ ಬಣ್ಣದ ಹತ್ತಿರಕ್ಕೆ ಬರುತ್ತದೆ. ಇದು ಚಮಚದ ಅಂದಾಜು, ನಿಮ್ಮ ಮಣ್ಣು ನೋಡಿ ಬದಲಿಸಿಕೊಳ್ಳಿ. ಬೇಕಾದ ಬಣ್ಣಕ್ಕಿಂತ ಎರಡು ಛಾಯೆ ತಿಳಿಯಾಗಿಯೇ ಕಲಸಿ, ಅಂಟು ತಗುಲಿದ ಕೂಡಲೇ ಕಪ್ಪೇರುತ್ತದೆ. ಮೇಲೆ ವಾರ್ನಿಷ್ ಸಿಂಪಡಿಸಿದರಂತೂ ಧೂಳು ಇದ್ದ ಗುರುತೇ ಅಳಿಸಿಹೋಗುತ್ತದೆ. ನಾನು ಸಿಂಪಡಿಸುವುದಿಲ್ಲ. ಒಣ ಪುಡಿಯನ್ನು ಮೂಲೆಯಲ್ಲಿ ಕೂರಿಸಿ, ನೀರಾದ ಅಂಟಿನ ಹನಿಯನ್ನು ಕುಂಚದ ತುದಿಯಿಂದ ಅಂಚಿಗೆ ಮುಟ್ಟಿಸುತ್ತೇನೆ. ಪುಡಿ ತಾನೇ ಎಳೆದುಕೊಳ್ಳುತ್ತದೆ. ಅಂಟು ಯಾವುದು ಎಂದು ಎಲ್ಲರೂ ಕೇಳುತ್ತಾರೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಿಗುತ್ತದೆ, ಬಡಗಿಗಳಿಗೆ ಗೊತ್ತು. ಇಷ್ಟು ಸಾಕು.

ಮಣ್ಣು ಎಲ್ಲಿ ಹತ್ತಬೇಕು ಎಂಬುದಕ್ಕೆ ಕದನವೇ ಉತ್ತರ ಹೇಳುತ್ತದೆ. ನಮ್ಮವರು ಹೊಲಗಳಿಗೆ ನೀರು ಬಿಟ್ಟಿದ್ದರು, ಪ್ಯಾಟನ್‌ಗಳು ಕೆಸರಿನಲ್ಲಿ ಹೂತವು. ಆದ್ದರಿಂದ ಪ್ಯಾಟನ್‌ನ ಟ್ರ್ಯಾಕ್, ಚಕ್ರ, ಮುಂಭಾಗದ ಕೆಳಗಿನ ಅರ್ಧಕ್ಕೆ ಹಸಿ ಕೆಸರು. ಮಿಶ್ರಣಕ್ಕೆ ಹೊಳಪಿನ ವಾರ್ನಿಷ್ ಸೇರಿಸಿದರೆ ಒಣಗಿದರೂ ಒದ್ದೆಯಾಗಿ ಕಾಣುತ್ತದೆ. ತೋಪು ಹೊತ್ತ ಮೇಲಿನ ಟರೆಟ್‌ವರೆಗೂ ಕೆಸರು ಮೆತ್ತುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಟ್ಯಾಂಕೇನು ಎಮ್ಮೆಯಲ್ಲ. ಸೆಂಚೂರಿಯನ್‌ಗಳು ಕಬ್ಬಿನ ಗದ್ದೆಯಲ್ಲಿ ಅವಿತು ಕಾದಿದ್ದವು, ಅವಕ್ಕೆ ತೆಳು ಧೂಳು ಸಾಕು. ಬದಲಿಗೆ ಎಂಜಿನ್ ಮೇಲಿನ ಜಾಲರಿಯಲ್ಲಿ ನಿಜವಾದ ಕಬ್ಬಿನ ರವದಿಯನ್ನು, ಅಂದರೆ ಒಣ ಗರಿಯನ್ನು, ಎಳೆ ಎಳೆಯಾಗಿ ಸೀಳಿ ಸಿಕ್ಕಿಸಿದ್ದೇನೆ. ಆಟದ ಮೇಜಿನ ಬಳಿ ಜನ ಮೊದಲು ಬಗ್ಗಿ ನೋಡುವುದು ಅದನ್ನೇ.

ನಡುವೆ ತುಕ್ಕಿನ ಹುಚ್ಚೂ ಹಿಡಿದಿತ್ತು. ಗ್ರಂಥಿಗೆ ಅಂಗಡಿಯ ಹುರಮಂಜು, ಅಂದರೆ ಕೆಮ್ಮಣ್ಣಿನ ಪುಡಿ, ನಾನು ತಂದಾಗ ಹತ್ತು ಇಪ್ಪತ್ತು ರೂಪಾಯಿಗೆ ಒಂದು ಪೊಟ್ಟಣ. ಹೊಗೆಕೊಳವೆಯ ಮೇಲೆ ಅದರಷ್ಟು ಒಳ್ಳೆಯ ತುಕ್ಕು ಯಾವ ಬಾಟಲಿಯಲ್ಲೂ ಸಿಕ್ಕಿಲ್ಲ. ಸಿಮೆಂಟ್ ಬೆರೆಸಿ ನೋಡಿದೆ, ಮಾದರಿ ನಿಲ್ಲಿಸುವ ಬೇಸ್‌ಗಳಿಗೆ ಕಾಂಕ್ರೀಟ್ ರಸ್ತೆಯಾಯಿತು, ಟ್ಯಾಂಕಿಗೆ ಬೇಡ. ಟ್ರ್ಯಾಕಿನ ಹೊಳೆಯುವ ಅಂಚಿಗೆ 6ಬಿ ಪೆನ್ಸಿಲಿನ ಪುಡಿಯನ್ನು ಬೆರಳಿನಿಂದ ಉಜ್ಜಿದರೆ ಮುಗಿಯಿತು. ಮಳೆಗಾಲದಲ್ಲಿ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಮಾತ್ರ ಹೊಡೆಯಬೇಡಿ. ಬೂಷ್ಟು ಹಿಡಿದಂತೆ ಬೆಳ್ಳಗಾಗುತ್ತದೆ. ಒಣ ದಿನ ನೋಡಿ ಮೇಲೊಂದು ಹೊಳಪಿನ ವಾರ್ನಿಷ್ ಕೋಟ್ ಕೊಟ್ಟರೆ ಬಹುಪಾಲು ಮೊದಲಿನಂತಾಗುತ್ತದೆ.

ಎಲ್ಲ ಸೇರಿ ಮಣ್ಣಿನ ಬಾಬತ್ತಿಗೆ ಮುನ್ನೂರು ರೂಪಾಯಿ ದಾಟಿಲ್ಲ, ಅದರಲ್ಲಿ ನವಲಗುಂದದ ಬಸ್ ಚಾರ್ಜೇ ದೊಡ್ಡ ಪಾಲು. ಬರಗಾಲದ ಸಮೀಕ್ಷೆ ಎಂದಿದ್ದ ಗೆಳೆಯರು ಮೊನ್ನೆ ಎರಡು ಡಬ್ಬಿ ಪುಡಿ ಕೇಳಿದರು. ಒಂದಕ್ಕೆ ನೂರು ರೂಪಾಯಿ ಹೇಳಿದೆ, ಚೌಕಾಸಿ ಮಾಡದೆ ಕೊಟ್ಟರು. ಆ ಹಣ ನನ್ನ ಮುಂದಿನ ಪಡೆಗೆ, 1971ರ ಲೋಂಗೆವಾಲಾ ಕದನಕ್ಕೆ. ಟೈಪ್ 59 ಟ್ಯಾಂಕುಗಳು ಬಂದಿವೆ, ಥಾರ್ ಮರುಭೂಮಿಯ ಹಳದಿ ಇನ್ನೂ ಕೂಡಿಬಂದಿಲ್ಲ. ಮಲಪ್ರಭೆಯ ಮರಳು ಅರೆದರೆ ಬೂದು ಬಣ್ಣ ಬರುತ್ತದೆ, ಮಸಾರಿ ಬೆರೆಸಿದರೆ ಕೇಸರಿಯಾಗುತ್ತದೆ. ಮುಂದಿನ ವಾರ ಕಲಘಟಗಿ ಕಡೆ ಹೋಗುವವರಿದ್ದರೆ ತಿಳಿಸಿ, ಅಲ್ಲಿಯ ಮಣ್ಣು ನೋಡುವುದಿದೆ.